ಓದದೇ ಕಳಿಸಿದ ಪ್ಯಾಚು
ಭಾನುವಾರ ಬೆಳಿಗ್ಗೆ ಬಸವನಗುಡಿಯ ಮನೇಲಿ ಕೂತಿದ್ದೆ, ಕಾಫಿ ಆರಿಹೋಯಿತು. ಬಿಡುವಿನಲ್ಲಿ ನಾನು ನೋಡಿಕೊಳ್ಳುವ ಕನ್ನಡ ಸ್ಪೆಲ್‌ಚೆಕ್ಕರ್‌ಗೆ ಯಾರೋ ಎಐ ಕೈಲಿ ಬರೆಸಿದ 400 ಸಾಲಿನ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಕಳಿಸಿದ್ದಾರೆ. ‘ಅನಗತ್ಯ ಅಕ್ಷರ ತೆಗೆದಿದೆ’ ಅಂತ ವಿವರಣೆ. ತೆಗೆದದ್ದೇನು? ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಯೂನಿಕೋಡ್ ಗುರುತು, ಯು+200ಸಿ! ಅದಿಲ್ಲದಿದ್ದರೆ ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತದೆ. ಜಕಾರಕ್ಕೆ ಕಕಾರ ಒತ್ತಾಗಿ ಕೂರುತ್ತದೆ. ಕನ್ನಡ ಬಲ್ಲವರು ಒಮ್ಮೆ ಕಣ್ಣಾಡಿಸಿದ್ದರೂ ಸಾಕಿತ್ತು. ಯಾಕೆ ತೆಗೆದಿರಿ ಅಂತ ಕೇಳಿದರೆ, ಅದಕ್ಕೂ ಎಐ ಬರೆದ ಉತ್ತರವೇ! ಎರಡು ಗಂಟೆ ಹೋಯಿತು. ಎಐ ಕೈಲಿ ಬರೆಸಿದ ಇಂಥದೇ ಪೊಳ್ಳು ದೋಷ ವರದಿಗಳ ಕಾಟ ತಡೆಯಲಾರದೆ, ಇಂಟರ್ನೆಟ್ ಮೂಲಕ ಡೇಟಾ ಸಾಗಿಸುವ ತಂತ್ರಾಂಶ ಕರ್ಲ್‌ನವರು ದೋಷ ಹುಡುಕಿದವರಿಗೆ ಕೊಡುತ್ತಿದ್ದ ಬಹುಮಾನವನ್ನೇ 2026ರ ಜನವರಿ ಕೊನೆಗೆ ನಿಲ್ಲಿಸಿದರು. ಎಐ ಬಳಸಿ, ಬೇಡ ಅನ್ನಲ್ಲ. ಕಳಿಸೋ ಮುಂಚೆ ನೀವೇ ಒಂದು ಸಲ ಓದಿ ಸ್ವಾಮಿ.