ಬ್ರಂಚ್‌ಗೆ ಸಮುದ್ರ ಬೇಡ, ಮಾಟುಂಗ ಸಾಕು

ಊರಿನಿಂದ ಮುಂಬೈಗೆ ಬರುವ ನೆಂಟರಲ್ಲಿ ಹೊಸ ತಲೆಮಾರಿನವರು ತಪ್ಪದೆ ಕೇಳುತ್ತಾರೆ: ಭಾನುವಾರ ಬ್ರಂಚ್‌ಗೆ ಎಲ್ಲಿಗೆ ಹೋಗೋಣ? ಬ್ರಂಚ್ ಎಂದರೆ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎರಡನ್ನೂ ಸೇರಿಸಿ ತಡವಾಗಿ ತಿನ್ನುವುದು. ಕೇಳುವಾಗಲೇ ಅವರ ಮನಸ್ಸಿನಲ್ಲಿ ಒಂದು ಚಿತ್ರ ಸಿದ್ಧವಾಗಿರುತ್ತದೆ. ದೊಡ್ಡ ಗಾಜಿನ ಕಿಟಕಿ, ಆಚೆ ಅರಬ್ಬಿ ಸಮುದ್ರ, ಮೇಜಿನ ಮೇಲೆ ಹಣ್ಣಿನ ರಸ. ಅಂಥ ಜಾಗಗಳು ಇಲ್ಲಿ ಇಲ್ಲವೆಂದಲ್ಲ. ಮರೀನ್ ಡ್ರೈವ್, ಜುಹು ಕಡೆಯ ಐಷಾರಾಮಿ ಹೋಟೆಲುಗಳಲ್ಲಿ ಭಾನುವಾರದ ಬಫೆಗೆ ಒಬ್ಬರಿಗೇ ಸಾವಿರಗಟ್ಟಲೆ ಬಿಲ್ಲಾಗುತ್ತದೆ. ಆ ದುಡ್ಡು ಹೋಗುವುದು ಹೆಚ್ಚಾಗಿ ಕಿಟಕಿಗೆ. ಮುಂಬೈಯಲ್ಲಿ ಸಮುದ್ರವನ್ನು ಪುಕ್ಕಟೆ ನೋಡಬೇಕು, ಬ್ರಂಚನ್ನು ಮಾಟುಂಗದಂಥ ಸಮುದ್ರ ಕಾಣದ ಬಡಾವಣೆಯಲ್ಲಿ ಮಾಡಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಉಡುಪಿ, ಮಂಗಳೂರಿನವರಿಗೆ ಕಡಲೆಂದರೆ ಸಂಜೆ. ಮಲ್ಪೆಗೋ ಪಣಂಬೂರಿಗೋ ಹೋಗುವುದು ಸೂರ್ಯ ಮುಳುಗುವ ಹೊತ್ತಿಗೆ. ಮಕ್ಕಳಿಗೆ ಚರುಮುರಿ, ದೊಡ್ಡವರಿಗೆ ಗಾಳಿ. ಮುಂಬೈಯವರು ಬೆಳಿಗ್ಗೆಯೂ ಕಡಲಿಗೆ ಹೋಗುತ್ತಾರೆ. ಮರೀನ್ ಡ್ರೈವ್ ಇರುವುದು ಪಶ್ಚಿಮಕ್ಕೆ ಮುಖಮಾಡಿ. ಸೂರ್ಯ ಹುಟ್ಟುವುದು ಹಿಂದಿನ ಕಟ್ಟಡಗಳ ಬೆನ್ನಿಗೆ. ಹಾಗಾಗಿ ಬೆಳಿಗ್ಗೆ ಬೇಗ ಹೋದರೆ ಕಟ್ಟೆಯ ಮೇಲೆ ಬಿಸಿಲು ಬೀಳುವ ಮೊದಲೇ ಒಂದು ಒಳ್ಳೆಯ ನಡಿಗೆ ಮುಗಿಯುತ್ತದೆ. ಬೆನ್ನ ಹಿಂದೆ ಇರುವುದು 1930-40ರ ದಶಕಗಳ ಆರ್ಟ್ ಡೆಕೊ ಕಟ್ಟಡಗಳು. 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಕಟ್ಟೆಯಲ್ಲಿ ಕೂರಲು ಯಾರೂ ಯಾರಿಗೂ ದುಡ್ಡು ಕೊಡಬೇಕಿಲ್ಲ. ಕಡಲು ನೋಡಿ, ಬೆವರಿ, ಹಸಿವು ಮಾಡಿಕೊಂಡು ರೈಲು ಹತ್ತಬೇಕು.

ಭಾನುವಾರದ ಹಸಿವಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಇಲ್ಲಿ ವಾರದ ಆರು ದಿನ ಲೋಕಲ್ ರೈಲಿನ ಗಡಿಯಾರಕ್ಕೆ ತಿನ್ನುವುದು. ಬೆಳಿಗ್ಗೆ ಒಲೆ ಹಚ್ಚುವುದೇ ಡಬ್ಬಿಗಾಗಿ. ತಿಂಡಿ ಎಂಬುದು ನಿಂತಲ್ಲೇ ಮುಗಿಯುವ ಎರಡು ತುತ್ತು. ಏಳನೆಯ ದಿನ ತಡವಾಗಿ ಎದ್ದು, ನಿಧಾನವಾಗಿ ಚಹಾ ಕುಡಿದು, ಹತ್ತೂವರೆಗೆ ಮನೆಯವರೆಲ್ಲ ಹೊರಗೆ ಹೊರಡುವುದಕ್ಕೆ ಇದೇ ಕಾರಣ. ಊರಿನಲ್ಲಿ ಇದು ಅರ್ಥವಾಗುವುದಿಲ್ಲ. ಅಲ್ಲಿ ಎಂಟಕ್ಕೆ ದೋಸೆ, ಹನ್ನೆರಡೂವರೆಗೆ ಗಂಜಿಯೋ ಕುಚ್ಚಲಕ್ಕಿ ಅನ್ನವೋ, ನಾಲ್ಕಕ್ಕೆ ಕಾಫಿ. ನನ್ನ ಅತ್ತೆ ಮೊದಲ ಸಲ ಬಂದಾಗ, "ಇದೆಂತದು ಮಾರಾಯ, ಬೆಳಿಗ್ಗೆದ್ದೂ ಅಲ್ಲ, ಮಧ್ಯಾಹ್ನದ್ದೂ ಅಲ್ಲ?" ಎಂದು ನಿಜವಾಗಿ ಬೇಜಾರು ಮಾಡಿಕೊಂಡಿದ್ದರು. ಊಟ ಒಂದು ತಪ್ಪಿಹೋಯಿತು ಎಂಬ ಬೇಜಾರು ಅದು. ಅವರ ಕಡೆಯಿಂದ ನೋಡಿದರೆ ಅದೂ ಸರಿಯೇ. ಹೊತ್ತುಹೊತ್ತಿಗೆ ಉಣ್ಣುವ ಮನೆಯಲ್ಲಿ ಎರಡು ಊಟವನ್ನು ಒಂದು ಮಾಡುವುದು ನಷ್ಟವೇ. ಆದರೆ ಆರು ದಿನ ಓಡಿದವರಿಗೆ ಭಾನುವಾರದ ಆ ಎರಡು ಗಂಟೆ ಹಬ್ಬ.

ಆ ಹಬ್ಬಕ್ಕೆ ಜಾಗ ಮಾಟುಂಗ. 1896ರ ಪ್ಲೇಗಿನ ನಂತರ ಇಕ್ಕಟ್ಟಾದ ದಕ್ಷಿಣ ಮುಂಬೈಯಿಂದ ಜನರನ್ನು ಹೊರಗೆ ಹರಡಬೇಕೆಂದು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್, ಮಾಟುಂಗ ಬಡಾವಣೆಗಳನ್ನು ಯೋಜಿಸಿತು. ಅಗಲ ರಸ್ತೆ, ಸಾಲು ಮರ, ಮೂರು ಮಾಳಿಗೆಯ ಮನೆಗಳು. ಕಚೇರಿ ಕೆಲಸಕ್ಕೆ ಬಂದ ದಕ್ಷಿಣದವರು ಇಲ್ಲಿ ನೆಲೆಸಿದರು, ಅವರ ಹಿಂದೆಯೇ ನಮ್ಮ ಕರಾವಳಿಯ ಅಡುಗೆಯವರು ಬಂದರು. ಕೆಫೆ ಮೈಸೂರು 1936ರದ್ದು, ರಾಮ್ ಆಶ್ರಯ 1939ರದ್ದು, ಕೆಫೆ ಮದ್ರಾಸ್ 1940ರದ್ದು, ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ಇಷ್ಟೂ ಒಂದು ಸಣ್ಣ ನಡಿಗೆಯೊಳಗೆ ಸಿಗುತ್ತವೆ. ಹೆಸರಿನಲ್ಲಿ ಮೈಸೂರಿದ್ದರೂ ಮದ್ರಾಸಿದ್ದರೂ ಒಲೆಯ ಹಿಂದಿನ ಕೈ ಉಡುಪಿ, ದಕ್ಷಿಣ ಕನ್ನಡದ್ದು.

ಭಾನುವಾರ ಹತ್ತೂವರೆಗೆ ಕೆಫೆ ಮದ್ರಾಸಿನ ಮುಂದೆ ಹೋಗಿ ನೋಡಿ. ಬಾಗಿಲ ಬಳಿ ಒಬ್ಬರು ಪುಸ್ತಕ ಹಿಡಿದು ನಿಂತಿರುತ್ತಾರೆ. ಹೆಸರು ಬರೆಸಬೇಕು, ಎಷ್ಟು ಜನ ಎಂದು ಹೇಳಬೇಕು, ಫುಟ್‌ಪಾತಿನಲ್ಲಿ ಕಾಯಬೇಕು. ಗುಜರಾತಿ ಕುಟುಂಬ, ತಮಿಳು ಅಜ್ಜಿ, ಕಾಲೇಜು ಹುಡುಗರು, ಚಾಲಕನನ್ನು ದೂರ ನಿಲ್ಲಿಸಿ ಬಂದ ಸಿರಿವಂತರು, ಎಲ್ಲರೂ ಅದೇ ಸಾಲಿನಲ್ಲಿ. ಹೆಸರು ಕೂಗಿದಾಗ ಒಳಗೆ ಹೋದರೆ ನಾಲ್ಕು ಜನರ ಮೇಜಿನಲ್ಲಿ ಈಗಾಗಲೇ ಇಬ್ಬರು ಕೂತಿರುತ್ತಾರೆ. ಅವರು ತಮ್ಮ ತಟ್ಟೆಯನ್ನು ಒಂದಿಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ, ನೀವು ಕೂರುತ್ತೀರಿ. ಯಾರೂ ಮುಖ ಗಂಟಿಕ್ಕುವುದಿಲ್ಲ. ರಸಂ ವಡೆ, ರಾಗಿ ದೋಸೆ, ಮಧ್ಯೆ ಒಂದು ನೀರುದೋಸೆ, ಕೊನೆಗೆ ಕಾಫಿ. ಎದುರಿನವರ ತಟ್ಟೆ ನೋಡಿ ಇದೇನು ಎಂದು ಕೇಳಬಹುದು. ಅವರು ಖುಷಿಯಿಂದ ಹೇಳುತ್ತಾರೆ. ಮುಗಿದ ಮೇಲೆ ಹೊರಗೆ ಕಾಯುವವರ ನೆನಪಿಟ್ಟು ಏಳಬೇಕು.

ಈ ಶಿಸ್ತನ್ನು ನಾನು ಬಹಳ ಗೌರವಿಸುತ್ತೇನೆ. ನಮ್ಮೂರ ಕಡೆ ರಜೆ ದಿನಗಳಲ್ಲಿ ತಿನ್ನುತ್ತಿರುವವರ ಕುರ್ಚಿಯ ಹಿಂದೆಯೇ ಹೋಗಿ ನಿಲ್ಲುವುದುಂಟು. ಕೈ ತೊಳೆಯಲು ಎದ್ದ ಕೂಡಲೇ ಇನ್ನೊಬ್ಬರು ಕೂತಿರುತ್ತಾರೆ. ಮಗುವನ್ನು ಎತ್ತಿಕೊಂಡವರು, ವಯಸ್ಸಾದವರು ಕೊನೆಗೆ ಉಳಿಯುತ್ತಾರೆ. ಒಂದು ನೂರು ಪುಟದ ಪುಸ್ತಕ, ಒಂದು ಪೆನ್ನು, ಬಾಗಿಲಲ್ಲಿ ಒಬ್ಬ ಮನುಷ್ಯ ಇದ್ದರೆ ಸಾಕು, ಈ ಅವಮಾನ ಯಾರಿಗೂ ಆಗುವುದಿಲ್ಲ.

ಮೃದುವಾದ ನಡವಳಿಕೆಯಲ್ಲಿ ಮಾತ್ರ ಊರೇ ಮೇಲು. ಮುಂಬೈಯ ವೇಗದಲ್ಲಿ ಎರಡನೆಯ ಕಾಫಿಗೆ ಜಾಗವಿಲ್ಲ. ಉಡುಪಿಯ ರಥಬೀದಿಯ ಮಿತ್ರ ಸಮಾಜದಂಥಲ್ಲಿ ಕೂತು ಬನ್ಸ್ ಮುರಿದು, ಗೋಡೆಗೆ ಒರಗಿ ಮಾತಾಡುವ ಸುಖವನ್ನು ಈ ಊರು ಕೊಡಲಾರದು. ಆದರೂ ಮಾಟುಂಗದ ಕೆಲವು ಮಾಣಿಗಳಲ್ಲಿ ಊರಿನ ದನಿ ಇನ್ನೂ ಇದೆ. "ಕಾಫಿ ಈಗ ತರುದಾ ಅಮ್ಮ, ಮತ್ತೆಯಾ?" ಎಂದು ಒಬ್ಬರು ಕೇಳಿದ ದಿನ ಅತ್ತೆಯ ಬೇಜಾರು ಅರ್ಧ ಇಳಿದಿತ್ತು. ಉಳಿದರ್ಧ ಇಳಿದದ್ದು ಕೊಟ್ಟೆ ಕಡುಬಿನಿಂದ.

ರಾಮ ನಾಯಕರ ಮನೆತನದವರೇ ನಡೆಸುವ ಇಡ್ಲಿ ಹೌಸ್ ಕಿಂಗ್ಸ್ ಸರ್ಕಲ್ ಬಳಿ ಇದೆ. ಅಲ್ಲಿ ಕೊಟ್ಟೆಯೂ ಸಿಗುತ್ತದೆ, ಮೂಡೆಯೂ ಸಿಗುತ್ತದೆ. ಕೊಟ್ಟೆಗೆ ಹಲಸಿನ ನಾಲ್ಕು ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಲೋಟದಂತೆ ಮಾಡಿ, ಉದ್ದು-ಅಕ್ಕಿಯ ಹಿಟ್ಟು ಸುರಿದು ಹಬೆಯಲ್ಲಿ ಬೇಯಿಸುತ್ತಾರೆ. ಮೂಡೆಗೆ ಕೇದಗೆ ಜಾತಿಯ ಉದ್ದ ಎಲೆ. ಮುಳ್ಳು ತೆಗೆದು, ಬೆಂಕಿಗೆ ಬಾಡಿಸಿ, ಸುರುಳಿ ಸುತ್ತಬೇಕು. ತಟ್ಟೆಗೆ ಬಂದ ಕೊಟ್ಟೆಯ ಕಡ್ಡಿಯನ್ನು ಮೊದಲು ಎಳೆಯಬೇಕು, ಆಮೇಲೆ ಎಲೆಗಳನ್ನು ಒಂದೊಂದಾಗಿ ಬಿಡಿಸಬೇಕು. ಎಲೆಯ ನರಗಳ ಗುರುತು ಕಡುಬಿನ ಮೈಮೇಲೆ ಹಾಗೇ ಅಚ್ಚಾಗಿರುತ್ತದೆ, ಹಸಿರು ವಾಸನೆ ಹಬೆಯ ಜೊತೆ ಮೂಗಿಗೆ ಬರುತ್ತದೆ. ಊರಿನಲ್ಲಿ ಇದು ಅಷ್ಟಮಿಗೆ, ಚೌತಿಗೆ ಮನೆಯಲ್ಲಿ ಮಾಡುವಂಥದ್ದು. ಎಲೆ ಕೊಯ್ಯುವವರು, ಕೊಟ್ಟೆ ಕಟ್ಟುವವರು ಮನೆಮನೆಯಲ್ಲಿ ಕಡಿಮೆಯಾಗುತ್ತಿರುವಾಗ ಒಂದು ಹೋಟೆಲು ಅದನ್ನು ನಿತ್ಯದ ತಿಂಡಿಯ ಸಾಲಿಗೆ ತಂದದ್ದು ಸಣ್ಣ ಕೆಲಸವಲ್ಲ. ಊರು ಬಿಟ್ಟು ಬಂದವರು ಊರಿನ ಅಡುಗೆಯನ್ನು ಇಷ್ಟು ಜತನದಿಂದ ಇಟ್ಟುಕೊಂಡಿದ್ದಾರೆ ಎನ್ನುವುದು ನನಗೆ ಹೆಮ್ಮೆಯ ವಿಷಯ.

ಸಿಹಿ ಬೇಕೆಂದವರು ರಾಮ್ ಆಶ್ರಯಕ್ಕೆ ಹೋಗಿ ಅನಾನಸ್ ಶೀರಾ ತಿನ್ನಲಿ. ಊಟವೇ ಆಗಬೇಕೆಂದವರು ಮಾಟುಂಗ ಸ್ಟೇಷನ್ ಎದುರಿನ ಮಾಳಿಗೆ ಹತ್ತಿ ರಾಮ ನಾಯಕರಲ್ಲಿ ಬಾಳೆಯೆಲೆಯ ಮುಂದೆ ಕೂರಲಿ. ಸೋಮವಾರ ಮಾತ್ರ ಈ ಕಡೆಯ ಕೆಲವು ಹಳೆಯ ಹೋಟೆಲುಗಳಿಗೆ ರಜೆ. ಇನ್ನೊಂದು ಸಂಗತಿ ಹೊರಗಿನವರಿಗೆ ಗೊತ್ತಿರುವುದಿಲ್ಲ: ಭಾನುವಾರ ಹಳಿ ದುರಸ್ತಿಗೆಂದು ಮೆಗಾ ಬ್ಲಾಕ್, ಅಂದರೆ ರೈಲು ಸಂಚಾರಕ್ಕೆ ತಡೆ, ಇರುತ್ತದೆ, ಅದು ಬಹುತೇಕ ಹನ್ನೊಂದರ ಸುಮಾರಿಗೆ, ಸರಿಯಾಗಿ ಬ್ರಂಚ್ ಹೊತ್ತಿಗೇ ಶುರು. ಹತ್ತಕ್ಕೇ ತಲುಪುವುದು ಒಳ್ಳೆಯದು. ಇಲ್ಲವಾದರೆ ವೆಸ್ಟರ್ನ್ ಲೈನಿನಲ್ಲಿ ಮಾಟುಂಗ ರೋಡ್‌ಗೆ ಬಂದು ಸೇತುವೆ ದಾಟಿ ನಡೆಯಬಹುದು. ತಿಂದ ಮೇಲೆ ಹೊತ್ತಿದ್ದರೆ ಮೈಸೂರು ಅಸೋಸಿಯೇಷನ್ ಕಡೆ ಹೋಗಿ ನಾಟಕವೋ ಉಪನ್ಯಾಸವೋ ಇದೆಯೇ ಎಂದು ವಿಚಾರಿಸಿ; 1926ರಿಂದ ಮುಂಬೈ ಕನ್ನಡಿಗರಿಗೆ ಅದೊಂದು ಆಸರೆ.

ನಮ್ಮವರದ್ದಲ್ಲದ ಬ್ರಂಚ್ ಬೇಕಿದ್ದರೆ ಇರಾನಿ ಹೋಟೆಲು. ಧೋಬಿ ತಲಾವಿನ ಕಯಾನಿ 1904ರಿಂದ ಇದೆ. ಬನ್ ಮಸ್ಕಾವನ್ನು, ಅಂದರೆ ಬೆಣ್ಣೆ ಹಚ್ಚಿದ ಬನ್ನನ್ನು, ಚಹಾಕ್ಕೆ ಅದ್ದಿ ತಿನ್ನಬೇಕು. ಮಾಂಸ ತಿನ್ನುವವರಿಗೆ ಖೀಮಾ ಪಾವ್ ಇದೆ. ಇರಾನಿಗಳು ಬಿಟ್ಟ ಎಷ್ಟೋ ಮೂಲೆ ಅಂಗಡಿಗಳಲ್ಲಿ ಮುಂದೆ ನಮ್ಮ ಶೆಟ್ಟರು ಹೋಟೆಲು ತೆರೆದರು, ಹಾಗಾಗಿ ಉಳಿದಿರುವ ಇರಾನಿ ಹೋಟೆಲಿಗೆ ಹೋಗುವುದು ನಮಗೊಂದು ಋಣ ಸಂದಾಯವೆಂದು ನಾನು ತಿಳಿಯುತ್ತೇನೆ. ದಾದರಿನ ಮರಾಠಿ ಖಾನಾವಳಿಗಳ ಸಾಬುದಾನಿ ವಡೆ, ಥಾಲಿಪೀಠ, ಮಿಸಳ್ ಕೂಡ ಈ ಹೊತ್ತಿಗೆ ಹೇಳಿ ಮಾಡಿಸಿದವು.

ಕಡಲ ತಡಿಯ ಊರಿಗೆ ಬಂದು ಮೀನಿಲ್ಲದ ಬ್ರಂಚೇ ಎಂದು ಕೆಲವರು ಕೇಳುತ್ತಾರೆ. ಮೀನಿಗೆ ಅದರದ್ದೇ ಹೊತ್ತಿದೆ. 1875ರಲ್ಲಿ ಕಟ್ಟಿದ ಸಸೂನ್ ಡಾಕಿನಲ್ಲಿ ನಸುಕಿಗೆ ಹರಾಜು ಕೂಗುತ್ತಾರೆ, ಮೀನು ಪೇಟೆಗೆ ಬಂದು, ತೊಳೆದು, ಮಸಾಲೆ ಹಿಡಿಯುವಾಗ ಮಧ್ಯಾಹ್ನವಾಗುತ್ತದೆ. ಹನ್ನೊಂದಕ್ಕೆ ತಟ್ಟೆಯಲ್ಲಿರುವ ಮೀನು ಹಿಂದಿನ ದಿನದ್ದಾಗಿರುವ ಸಾಧ್ಯತೆ ಹೆಚ್ಚು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲೂ ಇಲ್ಲೂ ಯಾಂತ್ರಿಕ ದೋಣಿಗಳಿಗೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಒರಟು. ಆಗ ಬಂಗುಡೆ, ಅಂಜಲ್ ಕೇಳದಿರುವುದೇ ಮರ್ಯಾದೆ. ಮೀನಿನ ಊಟದ ಮಟ್ಟಿಗೆ ನಾನು ಊರಿನ ಕಡೆಯವನೇ. ಮಂಗಳೂರು ಬಂದರಿನ ಸುತ್ತಲಿನ ಹೋಟೆಲುಗಳಲ್ಲಿ ಹನ್ನೆರಡೂವರೆಗೆ ಕಾವಲಿಯಿಂದ ನೇರ ತಟ್ಟೆಗೆ ಬೀಳುವ ರವೆ ಹಚ್ಚಿದ ಬಂಗುಡೆಯ ಗರಿಗರಿಗೆ ಮುಂಬೈಯಲ್ಲಿ ಸಾಟಿ ಸಿಕ್ಕಿಲ್ಲ.

ಊರಿನ ಹೋಟೆಲು ಮಾಲಕರಲ್ಲಿ ನನ್ನದೊಂದು ವಿನಂತಿ ಇದೆ. ಬ್ರಂಚ್‌ಗೆ ಬೇಕಾದ ಪ್ರತಿಯೊಂದೂ ನಿಮ್ಮಲ್ಲಿದೆ. ಆದರೆ ಹತ್ತೂವರೆಗೆ ಬಂದರೆ ಮೂಡೆ ಖಾಲಿ, ಬನ್ಸ್ ಖಾಲಿ, ಗೋಳಿಬಜೆ ಸಂಜೆಗೆ, ಊಟ ಹನ್ನೆರಡರ ಮೇಲೆ. ಬೆಂಗಳೂರಿನಿಂದ ರಾತ್ರಿ ಬಸ್ಸಿಳಿದು, ಕೋಣೆ ಸೇರಿ, ಸ್ನಾನ ಮುಗಿಸಿ ಬರುವ ಪ್ರವಾಸಿಗೆ ಆ ಹೊತ್ತಿಗೆ ಸಿಗುವುದು ಸೆಟ್ ದೋಸೆ ಮಾತ್ರ. ಅವರು ಅದನ್ನೇ ತಿಂದು, ಕರಾವಳಿಯ ತಿಂಡಿ ಇಷ್ಟೇ ಎಂದುಕೊಂಡು ಹೋಗುತ್ತಾರೆ. ಶನಿವಾರ, ಭಾನುವಾರ ಎರಡೇ ದಿನ ಬೆಳಗಿನ ತಿಂಡಿಯನ್ನು ಹನ್ನೆರಡರವರೆಗೆ ಇಡಿ. ಮೂಡೆಯ ಜೊತೆ ಕೋಳಿ ಸಾರು, ಶಾಕಾಹಾರಿಗಳಿಗೆ ತೊಂಡೆಕಾಯಿ-ಗೇರುಬೀಜದ ಪಲ್ಯ, ಕಡ್ಲೆ ಗಸಿ, ಪತ್ರೊಡೆಯ ಕಾಲದಲ್ಲಿ ಪತ್ರೊಡೆ, ಒಂದೆರಡು ಗೋಳಿಬಜೆ. ಕಡಲು ಕಾಣುವ ಕಿಟಕಿ ಬೇಡ, ಬಫೆ ಬೇಡ. ಬಾಗಿಲಲ್ಲಿ ಹೆಸರು ಬರೆದುಕೊಳ್ಳುವವರೊಬ್ಬರು ಇರಲಿ, ಎರಡನೆಯ ಕಾಫಿಗೆ ಕೂರಲು ಈಗ ಕೊಡುವ ಬಿಡುವೂ ಹಾಗೆಯೇ ಇರಲಿ. ಮುಂದಿನ ಸಲ ರಜೆಗೆ ಬಂದಾಗ ಮುಂಬೈಯ ಗೆಳೆಯರನ್ನೂ ಕರೆತರುತ್ತೇನೆ. ಅವರಿಗೆ ಹನ್ನೊಂದಕ್ಕೆ ಹಸಿವಾಗುತ್ತದೆ.