ಪ್ರಾಗ್‌ಗೆ ಸಿಗುವುದು ಒಂದೇ ದಿನ: ಗೈಡ್ ಜೊತೆ ಹೋಗಬೇಕೇ?

ಪರ: ಎದುರಿಗಿದ್ದರೂ ಕಾಣದ ಊರು

ಯುರೋಪ್ ಪ್ರವಾಸದಲ್ಲಿ ವಿಯೆನ್ನಾ ಮತ್ತು ಜರ್ಮನಿಯ ನಡುವೆ ಚೆಕ್ ರಾಜಧಾನಿ ಪ್ರಾಗ್ ಪಾಲಿಗೆ ಉಳಿಯುವುದು ಹೆಚ್ಚಾಗಿ ಒಂದು ದಿನ. ವಲ್ತವಾ ನದಿಯ ಎರಡೂ ದಡ, ಗುಡ್ಡದ ಮೇಲಿನ ಕೋಟೆ, ಯಹೂದಿ ಕೇರಿ, ಹಳೆಯ ಪೇಟೆ ಎಲ್ಲವೂ ಅಷ್ಟರಲ್ಲೇ ಆಗಬೇಕು. ಹಾಗಿರುವಾಗ ಮೊದಲ ನಾಲ್ಕು ಗಂಟೆಯನ್ನು ಒಳ್ಳೆಯ ಗೈಡ್ ಕೈಗೆ ಒಪ್ಪಿಸುವುದೇ ಸರಿ. ದಾರಿ ತಪ್ಪುತ್ತೇವೆಂಬ ಭಯಕ್ಕಲ್ಲ, ದಾರಿ ಫೋನ್ ತೋರಿಸುತ್ತದೆ. ಈ ಊರಿನಲ್ಲಿ ಮುಖ್ಯವಾದ ಸಂಗತಿಗಳು ಕಣ್ಣೆದುರೇ ಇರುತ್ತವೆ, ಆದರೆ ಹೇಳಿಕೊಡುವವರಿಲ್ಲದೆ ಅವು ಕಾಣುವುದಿಲ್ಲ.

ಹಳೆಯ ಪೇಟೆಯ ಪುರಭವನದ ಗೋಡೆಯಲ್ಲಿರುವ ಖಗೋಳ ಗಡಿಯಾರವನ್ನು ನೋಡಿ. 1410ರದ್ದು. ಗಂಟೆಗೊಮ್ಮೆ ಮೇಲಿನ ಕಿಟಕಿಗಳು ತೆರೆದು ಯೇಸುವಿನ ಹನ್ನೆರಡು ಶಿಷ್ಯರ ಗೊಂಬೆಗಳು ಸಾಗುತ್ತವೆ, ಪಕ್ಕದ ಅಸ್ಥಿಪಂಜರ ಹಗ್ಗ ಎಳೆಯುತ್ತದೆ, ಕೊನೆಗೆ ಹುಂಜ ಕೂಗುತ್ತದೆ. ಒಂದು ನಿಮಿಷದೊಳಗೆ ಮುಗಿಯುವ ಈ ಆಟಕ್ಕೆ ಜನ ಕಾಲು ಗಂಟೆ ಮೊದಲೇ ಬಂದು ನಿಲ್ಲುತ್ತಾರೆ, ಮುಗಿದ ಕೂಡಲೇ ಚದುರುತ್ತಾರೆ. ಗಡಿಯಾರದ ನಿಜವಾದ ಕೆಲಸ ನಡೆಯುವುದು ಕಿಟಕಿಗಳ ಕೆಳಗಿನ ದೊಡ್ಡ ಫಲಕದಲ್ಲಿ, ದಿನವಿಡೀ. ಅಲ್ಲಿ ಕನಿಷ್ಠ ಮೂರು ಬಗೆಯ ಕಾಲಗಣನೆ ಒಟ್ಟಿಗೆ ಇದೆ. ರೋಮನ್ ಅಂಕಿಗಳು ಈಗಿನಂತಹ ಗಂಟೆ ತೋರಿಸುತ್ತವೆ. ಅತಿ ಹೊರಗಿನ ಬಳೆಯ ಮೇಲಿನ 24 ಅಂಕಿಗಳು ಸೂರ್ಯಾಸ್ತದಿಂದ ಎಣಿಸುವ ಹಳೆಯ ಬೊಹೀಮಿಯಾದ (ಪ್ರಾಗ್ ಇರುವ ಸೀಮೆಯ) ಗಂಟೆಗಳು. ಸೂರ್ಯಾಸ್ತ ಹಿಂದೆ ಮುಂದೆ ಸರಿದಂತೆ ಆ ಬಳೆಯೂ ವರ್ಷವಿಡೀ ಅತ್ತಿತ್ತ ಸರಿಯುತ್ತದೆ. ಒಳಗಿನ ಬಾಗಿದ ಚಿನ್ನದ ಗೆರೆಗಳು ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಹನ್ನೆರಡು ಸಮಭಾಗ ಮಾಡುತ್ತವೆ. ಹಾಗಾಗಿ ಬೇಸಿಗೆಯ ಗಂಟೆ ಉದ್ದ, ಚಳಿಗಾಲದ್ದು ಗಿಡ್ಡ. ರಾಹುಕಾಲಕ್ಕೆ ಹಗಲನ್ನು ಎಂಟು ಪಾಲು ಮಾಡುವ ಲೆಕ್ಕ ಬಲ್ಲವರಿಗೆ ಇದನ್ನು ಎರಡನೆಯ ಸಲ ವಿವರಿಸಬೇಕಾಗಿಲ್ಲ. ನಡುವಿನಿಂದ ಸ್ವಲ್ಪ ಸರಿದಂತೆ ಕೂತ ರಾಶಿಚಕ್ರದ ಮೇಲೆ ಸೂರ್ಯನ ಬಿಂಬ ಚಲಿಸುತ್ತದೆ. ಡಿಸೆಂಬರ್ 24ರ ಸುಮಾರಿಗೆ ನೋಡಿದರೆ ಸೂರ್ಯ ಆಗಲೇ ಮಕರಕ್ಕೆ ಕಾಲಿಟ್ಟಿರುತ್ತಾನೆ, ನಮ್ಮ ಸಂಕ್ರಾಂತಿಗೆ ಇನ್ನೂ ಮೂರು ವಾರವಿರುತ್ತದೆ. ಅದು ಋತುಗಳನ್ನು ಆಧರಿಸಿದ ಸಾಯನ ಗಣನೆ, ನಮ್ಮ ಪಂಚಾಂಗದ್ದು ನಕ್ಷತ್ರಗಳನ್ನು ಆಧರಿಸಿದ ನಿರಯನ. ಬಲ್ಲ ಗೈಡ್ ಇದನ್ನು ಐದು ನಿಮಿಷದಲ್ಲಿ ಬೆರಳು ಮಾಡಿ ತೋರಿಸುತ್ತಾರೆ. ಫೋನಿನಲ್ಲಿ ಓದುತ್ತಾ ಹೋದರೆ ಯಾವ ಬಳೆ, ಯಾವ ಮುಳ್ಳು ಎಂದು ಹುಡುಕುವುದರಲ್ಲೇ ಅರ್ಧ ಗಂಟೆ ಕಳೆಯುತ್ತದೆ.

ಅದೇ ಗೋಪುರದ ಪಕ್ಕದ ನೆಲಹಾಸಿನಲ್ಲಿ 27 ಬಿಳಿ ಶಿಲುಬೆಗಳಿವೆ. ಹ್ಯಾಬ್ಸ್‌ಬರ್ಗ್ ಅರಸರ ವಿರುದ್ಧ ದಂಗೆಯೆದ್ದ 27 ಮುಖಂಡರನ್ನು 1621ರ ಜೂನ್ 21ರಂದು ಮರಣದಂಡನೆಗೆ ಗುರಿಪಡಿಸಿದ ಜಾಗ ಅದು. ಜನ ಅವುಗಳ ಮೇಲೆಯೇ ನಿಂತು ಗಡಿಯಾರದ ಫೋಟೋ ತೆಗೆಯುತ್ತಿರುತ್ತಾರೆ. ಇನ್ನು ಹಳೆಯ ಪೇಟೆಯ ಹಲವು ಮನೆಗಳ ನೆಲಮಾಳಿಗೆ ಒಂದು ಕಾಲಕ್ಕೆ ಬೀದಿಗೆ ಸಮನಾಗಿದ್ದ ನೆಲಮಹಡಿ. ನದಿ ಪದೇಪದೇ ಉಕ್ಕುತ್ತಿದ್ದುದರಿಂದ ಮಧ್ಯಯುಗದಲ್ಲೇ ಬೀದಿಗಳಿಗೆ ಮಣ್ಣು ತುಂಬಿ ಎತ್ತರಿಸಿದರು, ಮನೆಗಳು ಕೆಳಗುಳಿದವು. ಪ್ರತಿ ಮನೆಗೂ ಕೆಂಪು, ನೀಲಿ ಎಂದು ಎರಡು ಸಂಖ್ಯಾಫಲಕ ಯಾಕೆ? ಕೆಂಪು ಆ ಬಡಾವಣೆಯಲ್ಲಿ ಮನೆ ನೋಂದಣಿಯಾದ ಸಂಖ್ಯೆ, ನೀಲಿ ಬೀದಿಯಲ್ಲಿ ಅದರ ಕ್ರಮ. ವಿಳಾಸ ಹುಡುಕುವಾಗ ಕೆಂಪನ್ನು ನಂಬಿದರೆ ಬೀದಿ ತುದಿಯವರೆಗೆ ಅಲೆದಾಟ. 1770ರಲ್ಲಿ ಸಂಖ್ಯೆ ಬರುವ ಮೊದಲು ಮನೆಗಳಿಗೆ ಚಿಹ್ನೆಯೇ ಗುರುತು. ನೆರುಡೊವಾ ಬೀದಿಯಲ್ಲಿ ಮೂರು ಪಿಟೀಲು, ಎರಡು ಸೂರ್ಯ ಈಗಲೂ ಬಾಗಿಲ ಮೇಲಿವೆ.

ಇನ್ನು ವಾರದ ಲೆಕ್ಕ. ಯಹೂದಿ ವಸ್ತುಸಂಗ್ರಹಾಲಯ ಶನಿವಾರ ಮುಚ್ಚಿರುತ್ತದೆ, ಯಹೂದಿ ಹಬ್ಬಗಳಲ್ಲೂ. ಅದರ ಭಾಗವಾದ ಪಿಂಕಾಸ್ ಸಿನಗಾಗ್‌ನ (ಯಹೂದಿ ಪ್ರಾರ್ಥನಾಮಂದಿರ) ಗೋಡೆಗಳ ಮೇಲೆ ನಾತ್ಸಿಗಳು ಕೊಂದ ಬೊಹೀಮಿಯಾ ಮತ್ತು ಅದರ ಪಕ್ಕದ ಮೊರಾವಿಯಾ ಸೀಮೆಯ ಸುಮಾರು 78,000 ಯಹೂದಿಗಳ ಹೆಸರುಗಳನ್ನು ಕೈಯಿಂದ ಬರೆದಿದ್ದಾರೆ. ಅದಕ್ಕೆ ತಾಗಿದ ಸ್ಮಶಾನದಲ್ಲಿ ಜಾಗ ಸಾಲದೆ ಒಂದರ ಮೇಲೊಂದು ಪದರವಾಗಿ ಹೂಳಿದ್ದಾರೆ. ಅಷ್ಟು ದೂರ ಹೋಗಿ ಅದರ ಬೀಗ ನೋಡಿ ಬರುವುದು ಬೇಡ. ಕೋಟೆಯೊಳಗಿನ ಸಂತ ವಿಟಸ್ ಕೆಥೆಡ್ರಲ್‌ನಲ್ಲಿ ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುವುದರಿಂದ ಪ್ರವಾಸಿಗರಿಗೆ ಮಧ್ಯಾಹ್ನದವರೆಗೆ ಪ್ರವೇಶವಿಲ್ಲ. ಗೈಡ್ ಇದ್ದರೆ ಆ ದಿನದ ಸರದಿಯನ್ನೇ ಬದಲಿಸುತ್ತಾರೆ.

ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರಿಗಂತೂ ಸರದಿಯೇ ಎಲ್ಲ. ನದಿಯ ಮೇಲಿನ ಚಾರ್ಲ್ಸ್ ಸೇತುವೆಯ ಕಡೆಯಿಂದ ಕೋಟೆಗೆ ಹತ್ತಿದರೆ ಮಂಡಿ ನೋವಿರುವವರ ದಿನ ಅಲ್ಲಿಗೇ ಮುಗಿಯಿತು. 22ನೇ ಟ್ರಾಮ್‌ನಲ್ಲಿ ಪೊಹೊರೆಲೆಟ್ಸ್ ನಿಲ್ದಾಣದವರೆಗೆ ಹೋಗಿ ಅಲ್ಲಿಂದ ಕೋಟೆ, ನೆರುಡೊವಾ ಬೀದಿ, ಸೇತುವೆ, ಹಳೆಯ ಪೇಟೆ ಎಂದು ಇಳಿದು ಬಂದರೆ ಇಡೀ ದಾರಿ ಇಳಿಜಾರು. ಬುಕ್ ಮಾಡುವಾಗ ಪೊಹೊರೆಲೆಟ್ಸ್‌ನಿಂದ ಶುರುಮಾಡುತ್ತೀರಾ ಎಂದು ಕೇಳಿ. ಜೊತೆಗೆ ಗುಂಪಿನಲ್ಲಿ ಎಷ್ಟು ಜನ, ಕೋಟೆಯ ಒಳಗಿನ ಕಟ್ಟಡಗಳ ಟಿಕೆಟ್ ಸೇರಿದೆಯೇ ಅಥವಾ ಅಂಗಳ ಮಾತ್ರವೇ ಎಂಬುದನ್ನೂ ಕೇಳಿ. ಅಂಗಳಗಳಿಗೆ ಪ್ರವೇಶ ಉಚಿತ, ಆದ್ದರಿಂದ ‘ಕೋಟೆ ದರ್ಶನ’ ಎಂದಷ್ಟೇ ಬರೆದಿದ್ದರೆ ಕೆಥೆಡ್ರಲ್ ಹೊರಗಿನಿಂದಲೇ. ಹನ್ನೆರಡು ಜನ ಮೀರಿದ ಗುಂಪು ಬೇಡ. ಚೆಕ್ ಕಾನೂನಿನ ಪ್ರಕಾರ ಗೈಡ್‌ಗಳು ಗುರುತಿನ ಚೀಟಿ ಕಾಣುವಂತೆ ಧರಿಸಬೇಕು. ಅದರಲ್ಲಿ ಎರಡು ದರ್ಜೆಯಿದೆ. ವಿಷಯಜ್ಞಾನಕ್ಕೆ ಪುರಾವೆ ಕೊಟ್ಟವರಿಗೆ ಸಿಗುವುದು ಮೊದಲ ದರ್ಜೆ. ‘ಉಚಿತ’ ಎನ್ನುವ ಟೂರ್‌ಗಳು ನಡೆಯುವುದು ಟಿಪ್ಸ್ ಮೇಲೆ, ಗುಂಪು ದೊಡ್ಡದಾದಷ್ಟೂ ಗೈಡ್‌ಗೆ ಲಾಭ, ಕೇಳುವವರಿಗೆ ನಷ್ಟ. ದುಡ್ಡು ಕೊಟ್ಟು ಚಿಕ್ಕ ಗುಂಪು ಹಿಡಿಯಿರಿ.

ಸಸ್ಯಾಹಾರಿಗಳಿಗೆ ಗೈಡ್ ಇನ್ನೊಂದು ಉಪಕಾರ ಮಾಡುತ್ತಾರೆ. ಮಾಂಸವಿಲ್ಲ ಎಂದು ತಂದಿಡುವ ಸೂಪ್‌ನ ನೀರು ಮೂಳೆ ಬೇಯಿಸಿದ್ದಿರಬಹುದು, ಕರಿದ ಚೀಸ್ ಜೊತೆ ಬರುವ ಟಾರ್ಟರ್ ಸಾಸ್‌ನಲ್ಲಿ ಮೊಟ್ಟೆ ಇರುತ್ತದೆ. ಇದನ್ನು ಅಡುಗೆಮನೆಯವರ ಹತ್ತಿರ ಅವರದೇ ಭಾಷೆಯಲ್ಲಿ ವಿಚಾರಿಸಿ ಹೇಳುವವರು ಪಕ್ಕದಲ್ಲಿದ್ದರೆ ಊಟ ನೆಮ್ಮದಿಯಾಗಿ ಇಳಿಯುತ್ತದೆ.

ವಿರೋಧ: ದಿನ ನಿಮ್ಮದು, ಗಡಿಯಾರ ಬಸ್ಸಿನದು

ಹನ್ನೆರಡು ಜನರ ಗುಂಪು, ಮೊದಲ ದರ್ಜೆಯ ಗೈಡ್, ಪೊಹೊರೆಲೆಟ್ಸ್‌ನಿಂದ ಇಳಿಜಾರು ನಡಿಗೆ: ಅದು ಸಿಕ್ಕರೆ ಯಾರೂ ಬೇಡವೆನ್ನುವುದಿಲ್ಲ. ಆದರೆ ‘ಪ್ರಾಗ್ ಒಂದು ದಿನದ ಟೂರ್’ ಎಂದು ಹೆಚ್ಚಾಗಿ ಮಾರಾಟವಾಗುವುದು ಅದಲ್ಲ. ವಿಯೆನ್ನಾದಿಂದ ಬೆಳಿಗ್ಗೆ ಹೊರಟು ರಾತ್ರಿ ಮರಳುವ ಬಸ್ ಅದು. ಅದರ ಲೆಕ್ಕವನ್ನು ಕೂತು ಹಾಕಿದರೆ ಸಾಕು.

ವಿಯೆನ್ನಾದಿಂದ ಪ್ರಾಗ್‌ಗೆ 300 ಕಿ.ಮೀ. ಮೀರಿದ ದಾರಿ, ಬಸ್ಸಿಗೆ ಸುಮಾರು ನಾಲ್ಕು ಗಂಟೆ. ಹೋಗಿ ಬರಲು ಎಂಟು. ಯುರೋಪಿಯನ್ ಒಕ್ಕೂಟದ ನಿಯಮದಂತೆ ಒಬ್ಬ ಚಾಲಕ ದಿನಕ್ಕೆ 9 ಗಂಟೆ ಬಸ್ ಓಡಿಸಬಹುದು, ವಾರದಲ್ಲಿ ಎರಡು ದಿನ ಮಾತ್ರ 10. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ ಕಡ್ಡಾಯ. ದಿನಕ್ಕೆ 11 ಗಂಟೆ ವಿಶ್ರಾಂತಿ ಬೇಕಾದ್ದರಿಂದ ಹೊರಟಲ್ಲಿಂದ ಮರಳುವವರೆಗೆ ಸಾಮಾನ್ಯವಾಗಿ 13 ಗಂಟೆ ಮೀರುವಂತಿಲ್ಲ. ಎಂಟು ಕಳೆದರೆ ಐದು. ಊಟಕ್ಕೊಂದು ಗಂಟೆ. ಮೂವತ್ತು ಜನ ಬಸ್ ಇಳಿದು, ಸರದಿಯಲ್ಲಿ ಶೌಚಾಲಯಕ್ಕೆ ಹೋಗಿ, ಮತ್ತೆ ಬಸ್ಸಿನ ಜಾಗಕ್ಕೆ ಬಂದು ಸೇರಲು ಇನ್ನೊಂದು ಗಂಟೆ. ಪ್ರಾಗ್‌ಗೆ ಉಳಿದದ್ದು ಮೂರು ಗಂಟೆ, ಅದೂ ಹನ್ನೊಂದರಿಂದ ನಾಲ್ಕರ ನಡುವೆ, ಊರಿನ ಎಲ್ಲ ಗುಂಪುಗಳೂ ಬೀದಿಯಲ್ಲಿರುವ ಹೊತ್ತಿನಲ್ಲಿ. ಮಧ್ಯಾಹ್ನಕ್ಕೆ ಒಬ್ಬರು ತಪ್ಪಿಸಿಕೊಂಡರೆ ಉಳಿದ ಇಪ್ಪತ್ತೊಂಬತ್ತು ಜನರ ಇಪ್ಪತ್ತು ನಿಮಿಷ ಹೋಯಿತು. ಇದರಲ್ಲಿ ಗೈಡ್‌ನ ತಪ್ಪೇನೂ ಇಲ್ಲ, ಅವರ ಕೈಯಲ್ಲೂ ಗಡಿಯಾರವಿಲ್ಲ.

ಇದರಿಂದ ಹೆಚ್ಚು ಪೆಟ್ಟು ಬೀಳುವುದು ನದಿ ನೋಡುವುದಕ್ಕೆ. ಪ್ರಾಗ್ ಇರುವುದೇ ಈ ನದಿಯಿಂದ. 1342ರ ಪ್ರವಾಹದಲ್ಲಿ ಹಳೆಯ ಕಲ್ಲಿನ ಸೇತುವೆ ಕೊಚ್ಚಿಹೋಯಿತು. 1357ರಲ್ಲಿ ಅರಸ ನಾಲ್ಕನೆಯ ಚಾರ್ಲ್ಸ್ ಈಗಿನದಕ್ಕೆ ಅಡಿಗಲ್ಲು ಹಾಕಿದ. 516 ಮೀಟರ್ ಉದ್ದ, ಹತ್ತು ಮೀಟರ್ ಆಸುಪಾಸು ಅಗಲ, ಎರಡು ಬದಿಗೂ ಸೇರಿ 30 ಪ್ರತಿಮೆ ಗುಂಪುಗಳು. ಮಧ್ಯಾಹ್ನ ಒಂದಕ್ಕೆ ಅದರ ಮೇಲೆ ಗೈಡ್ ಎತ್ತಿದ ಕೊಡೆ ಮತ್ತು ಮುಂದಿನವರ ಬೆನ್ನು ಬಿಟ್ಟು ಏನೂ ಕಾಣುವುದಿಲ್ಲ. ಬೆಳಿಗ್ಗೆ ಆರಕ್ಕೆ ಹೋಗಿ ನೋಡಿ. ಹಳೆಯ ಪೇಟೆಯ ತುದಿಯಲ್ಲಿ ಸೇತುವೆಯ ತಡೆಗೋಡೆಯಿಂದ ಬಗ್ಗಿ ನೋಡಿದರೆ ದಡದ ಕಲ್ಲುಗೋಡೆಯಲ್ಲಿ ಗಡ್ಡದ ಮುಖವೊಂದಿದೆ, ಬ್ರಾಡಾಚ್ ಎನ್ನುತ್ತಾರೆ. ನೀರು ಗಡ್ಡ ಮುಟ್ಟಿದರೆ ನದಿ ದಡ ಮೀರುತ್ತದೆ, ತಲೆ ಮುಳುಗಿದರೆ ಪೇಟೆಯ ಚೌಕಕ್ಕೆ ದೋಣಿಯಲ್ಲೇ ಹೋಗಬೇಕು ಎಂಬುದು ಹಿಂದಿನವರ ಅಳತೆ. 1890ರಲ್ಲಿ ಮರದ ದಿಮ್ಮಿಗಳು ಬಂದು ಗುದ್ದಿ ಈ ಸೇತುವೆಯ ಕಮಾನುಗಳೇ ಬಿದ್ದವು. 2002ರ ಆಗಸ್ಟ್‌ನಲ್ಲಿ ಮೆಟ್ರೋ ಸುರಂಗಕ್ಕೇ ನೀರು ನುಗ್ಗಿತು. ಪಿಂಕಾಸ್ ಸಿನಗಾಗ್‌ನ ಗೋಡೆ ಮೇಲಿನ ಹೆಸರುಗಳೂ ನೆನೆದು ಹಾಳಾಗಿ ಮತ್ತೆ ಬರೆಯಬೇಕಾಯಿತು. ಈಗ ನೀರು ಏರುವ ಸೂಚನೆ ಬಂದರೆ ದಡದುದ್ದಕ್ಕೂ ಬಿಚ್ಚಿ ಜೋಡಿಸುವ ಅಲ್ಯೂಮಿನಿಯಂ ಗೋಡೆ ಎದ್ದು ನಿಲ್ಲುತ್ತದೆ. ಕಾಂಪಾ ದ್ವೀಪದ ಅಂಚಿನಲ್ಲಿ, ನೀರನ್ನು ತಡೆಯುವ ಒಡ್ಡಿನ ಸದ್ದು ಕೇಳುತ್ತಾ ಅರ್ಧ ಗಂಟೆ ಕೂರದೆ ಇವೆಲ್ಲ ಒಂದಕ್ಕೊಂದು ಸೇರುವುದಿಲ್ಲ. ಆ ಅರ್ಧ ಗಂಟೆ ಯಾವ ಬಸ್ ಟೂರ್‌ನ ವೇಳಾಪಟ್ಟಿಯಲ್ಲೂ ಹಿಡಿಸುವುದಿಲ್ಲ.

ಹಾಗಾದರೆ ಮಾಡಬೇಕಾದ್ದು ಹಿಂದಿನ ರಾತ್ರಿಯೇ ಪ್ರಾಗ್‌ಗೆ ಬಂದು ಮಲಗುವುದು. ವಿಯೆನ್ನಾದಿಂದ ರೈಲೂ ಸುಮಾರು ನಾಲ್ಕೇ ಗಂಟೆ. ಬೆಳಿಗ್ಗೆ ಸೇತುವೆ ದಾಟಿ ಕಾಂಪಾ ನೋಡಿಕೊಂಡು, ಮಾಲೊಸ್ಟ್ರಾನ್ಸ್ಕಾದಲ್ಲಿ 22ನೇ ಟ್ರಾಮ್ ಹತ್ತಿ ‘ಪ್ರಾಜ್ಸ್ಕಿ ಹ್ರಾಡ್’ ನಿಲ್ದಾಣದಲ್ಲಿ ಇಳಿಯಿರಿ. ಕೋಟೆಯ ಕಟ್ಟಡಗಳು 9ಕ್ಕೆ ತೆರೆಯುತ್ತವೆ. ಹೊರಗಿನ ತಪಾಸಣೆ ಸಾಲಿಗೆ ಇಪ್ಪತ್ತು ನಿಮಿಷ ಮೊದಲೇ ನಿಂತು, ತೆರೆದ ಕೂಡಲೇ ಮೊದಲು ಕೆಥೆಡ್ರಲ್‌ಗೆ ಹೋಗಿ. ಬಸ್ಸುಗಳ ಗುಂಪು ಬರುವುದು ಆಮೇಲೆ. 1344ರಲ್ಲಿ ಶುರುವಾದ ಆ ಕಟ್ಟಡ ಮುಗಿದದ್ದು 1929ರಲ್ಲಿ. ಪೂರ್ವ ತುದಿಯ ಕಲ್ಲು ಹದಿನಾಲ್ಕನೆಯ ಶತಮಾನದ್ದು, ಪಶ್ಚಿಮದ ಬಾಗಿಲಿನ ಕಡೆಯದ್ದು ನಮ್ಮ ಮುತ್ತಜ್ಜಂದಿರ ಕಾಲದ್ದು, ಬಣ್ಣದಲ್ಲೇ ಗೊತ್ತಾಗುತ್ತದೆ. ಹನ್ನೊಂದರ ಹೊತ್ತಿಗೆ ಪೂರ್ವದ ಹಳೆಯ ಮೆಟ್ಟಿಲುಗಳಿಂದ ಇಳಿದರೆ ಮಾಲೊಸ್ಟ್ರಾನ್ಸ್ಕಾ ಮೆಟ್ರೋ, ಅಲ್ಲಿಂದ ಎ ಮಾರ್ಗದಲ್ಲಿ ಒಂದೇ ನಿಲ್ದಾಣಕ್ಕೆ ಸ್ಟಾರೊಮ್ಯೆಸ್ಟ್ಸ್ಕಾ. ಯಹೂದಿ ಕೇರಿ ಅದರ ಪಕ್ಕದಲ್ಲೇ.

ತೊಂದರೆಯಾಗುವುದು ಚಿಕ್ಕ ಸಂಗತಿಗಳಲ್ಲಿ. ಕಾಗದದ ಟಿಕೆಟ್ ಕೊಂಡರೆ ಸಾಲದು, ಟ್ರಾಮ್ ಹತ್ತಿದ ಕೂಡಲೇ ಅಥವಾ ಮೆಟ್ರೋ ಎಸ್ಕಲೇಟರ್‌ಗೆ ಮೊದಲು ಯಂತ್ರಕ್ಕೆ ಹಾಕಿ ಮುದ್ರೆ ಒತ್ತಿಸಬೇಕು. ಒಂದೇ ಸಲ. ಮುದ್ರೆಯಿಲ್ಲದ ಟಿಕೆಟ್‌ಗೆ ಟಿಕೆಟ್‌ನ ಬೆಲೆಯೇ ಇಲ್ಲ, ಸಾದಾ ಬಟ್ಟೆಯ ತಪಾಸಕರು ನೆಪ ಕೇಳುವುದಿಲ್ಲ. ಎಟಿಎಂ ‘ನಿಮ್ಮ ಕರೆನ್ಸಿಗೆ ಪರಿವರ್ತಿಸಲೇ’ ಎಂದು ಕೇಳಿದರೆ ಬೇಡ ಎನ್ನಿ, ಚೆಕ್ ನಾಣ್ಯವಾದ ಕೊರುನಾದಲ್ಲೇ ಪಡೆಯಿರಿ, ಇಲ್ಲದಿದ್ದರೆ ಯಂತ್ರ ಹೇಳಿದ್ದೇ ದರ. ಹಣ ಬದಲಾಯಿಸುವ ಅಂಗಡಿಯಲ್ಲಿ ಕೆಟ್ಟ ದರ ಸಿಕ್ಕರೆ ಸುಮ್ಮನಾಗಬೇಡಿ: 2019ರಿಂದ 1000 ಯೂರೋವರೆಗಿನ ವಹಿವಾಟನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸುವ ಹಕ್ಕು ಗಿರಾಕಿಗಿದೆ, ರಸೀದಿ ಕೈಯಲ್ಲಿರಬೇಕು ಅಷ್ಟೆ. ಬೀದಿಯಲ್ಲಿ ‘ಹಳೆಯ ಬೊಹೀಮಿಯಾದ ತಿಂಡಿ’ ಎಂದು ಮಾರುವ ಸುರುಳಿ ಟ್ರಡೆಲ್ನಿಕ್ ಈಚೆಗೆ ಪ್ರವಾಸಿಗರಿಗಾಗಿ ಬಂದದ್ದು, ಅದಕ್ಕೆ ಸಾಲು ನಿಲ್ಲುವ ಅಗತ್ಯವಿಲ್ಲ.

ಗೈಡ್ ಮಾತಿನಲ್ಲಿ ಸಿಗುವ ವಿವರಗಳ ಬೆಲೆ ದೊಡ್ಡದು, ಒಪ್ಪಿದೆ. ಗಡಿಯಾರದ ಬಳೆಗಳ ವಿಷಯವನ್ನು ಹಿಂದಿನ ರಾತ್ರಿಯೇ ಓದಿಟ್ಟುಕೊಂಡರೆ ಅಲ್ಲಿ ಹುಡುಕಾಡುವುದು ತಪ್ಪುತ್ತದೆ. ಆದರೆ ಟೂರ್‌ನ ಪಟ್ಟಿ ಎಲ್ಲರಿಗೂ ಒಂದೇ, ನೋಡಬೇಕೆನಿಸುವುದು ಒಬ್ಬೊಬ್ಬರಿಗೆ ಒಂದೊಂದು. ಮೈಸೂರಿನವರಿಗೆ ಈ ಊರಿನಲ್ಲಿ ತಮ್ಮದೇ ಒಂದು ನಂಟಿದೆ. ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಪ್ರಾಗ್‌ನಲ್ಲಿ ಶುರು ಮಾಡಿದ ಜಾವಾ ಮೋಟಾರ್‌ಸೈಕಲ್ಲನ್ನೇ 1960ರ ದಶಕದಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸುತ್ತಿತ್ತು, ಮುಂದೆ ಯೆಜ್ಡಿ ಹೆಸರಿನಲ್ಲಿ. ಆ ಗಾಡಿ ಓಡಿಸಿದ, ಅದರ ಕಾರ್ಖಾನೆಯಲ್ಲಿ ದುಡಿದ ಮನೆಗಳು ಈಗಲೂ ಅಲ್ಲಿವೆ. ಅಂಥವರ ಪ್ರಾಗ್ ದಿನದಲ್ಲಿ ನದಿಯಾಚೆಯ ಲೆಟ್ನಾ ಗುಡ್ಡದ ಮೇಲಿನ ರಾಷ್ಟ್ರೀಯ ತಾಂತ್ರಿಕ ವಸ್ತುಸಂಗ್ರಹಾಲಯ ಇರಲೇಬೇಕು. ಅದರ ಸಾರಿಗೆ ಸಭಾಂಗಣದಲ್ಲಿ ಉಗಿಬಂಡಿ, ಕಾರುಗಳ ಜೊತೆ ಚೆಕ್ ಮೋಟಾರ್‌ಸೈಕಲ್‌ಗಳೂ ಇವೆ. ಸೋಮವಾರ ರಜೆ. ಮಧ್ಯಾಹ್ನ ಎರಡಕ್ಕೆ ಹೋದರೆ ಎರಡು ಗಂಟೆ ನೋಡಿ, ಪಕ್ಕದ ಲೆಟ್ನಾ ಉದ್ಯಾನದ ಅಂಚಿಗೆ ಬರಬಹುದು. ವಲ್ತವಾದ ಸೇತುವೆಗಳು ಒಂದರ ಹಿಂದೊಂದು ಸಾಲಾಗಿ ಕಾಣುವುದು ಅಲ್ಲಿಂದಲೇ, ಟಿಕೆಟ್ ಬೇಕಾಗಿಲ್ಲ.