ಐದನೆಯ ಸ್ಥಾನದ ಸಿನಿಮಾ ಮತ್ತು ಅದರ ಹುಚ್ಚರು

ಚಿಕ್ಕಮ್ಮನ ಮಗನೊಂದಿಗೆ ಮೊನ್ನೆ ಮತ್ತೆ ಜಗಳವಾಯಿತು. ಆಸ್ತಿಯ ಜಗಳವಲ್ಲ, ‘ಸ್ಕಾಟ್ ಪಿಲ್‌ಗ್ರಿಮ್ ವರ್ಸಸ್ ದ ವರ್ಲ್ಡ್’ ಎಂಬ ಸಿನಿಮಾದ ಜಗಳ. 2010ರಲ್ಲಿ ಬಂದು, ಚಿತ್ರಮಂದಿರಗಳಲ್ಲಿ ಮಕಾಡೆ ಮಲಗಿದ ಸಿನಿಮಾ ಅದು. ಅವನು ಅದನ್ನು ಹನ್ನೊಂದು ಸಲ ನೋಡಿದ್ದಾನೆ. ನಾನು ನೋಡಿದ್ದು ಮೂರು ಸಲ. ಮೊದಲ ಸಲ ಇಪ್ಪತ್ತನೆಯ ನಿಮಿಷಕ್ಕೇ ಎದ್ದು ಹೋಗಿದ್ದೆನಾದ್ದರಿಂದ ಸರಿಯಾಗಿ ಲೆಕ್ಕ ಹಾಕಿದರೆ ಎರಡೂಕಾಲು ಸಲ. ಇಷ್ಟು ಕಡಿಮೆ ಅಂಕ ಇಟ್ಟುಕೊಂಡು ಅದರ ಬಗ್ಗೆ ಮಾತನಾಡುವ ಹಕ್ಕು ನನಗಿಲ್ಲ ಎಂಬುದು ಅವನ ವಾದ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಕಥೆ ಹೇಳಿಬಿಡುತ್ತೇನೆ. ಟೊರಾಂಟೊದಲ್ಲಿ ಸ್ಕಾಟ್ ಎಂಬ ಇಪ್ಪತ್ತೆರಡರ ಹುಡುಗ. ಕೆಲಸವಿಲ್ಲ, ಕಾರ್ಯವಿಲ್ಲ. ಗೆಳೆಯ ವಾಲೇಸ್‌ನ ಕೋಣೆಯಲ್ಲಿ, ಅವನದೇ ಹಾಸಿಗೆಯ ಒಂದು ಬದಿಯಲ್ಲಿ ಮಲಗಿ ದಿನ ದೂಡುತ್ತಾನೆ. ಅಷ್ಟೇನೂ ಚೆನ್ನಾಗಿ ನುಡಿಸದ ಒಂದು ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಹಿಡಿಯುತ್ತಾನೆ. ಚಕ್ರದ ಬೂಟು ತೊಟ್ಟು ಅಮೆಜಾನ್ ಪಾರ್ಸೆಲ್ ತಲುಪಿಸುವ ರಮೋನಾ ಫ್ಲವರ್ಸ್ ಎಂಬ ಹುಡುಗಿಯ ಮೇಲೆ ಇವನಿಗೆ ಮನಸ್ಸಾಗುತ್ತದೆ. ಅವಳನ್ನು ಮತ್ತೆ ನೋಡಬೇಕೆಂದು ಬೇಡದ ವಸ್ತುವನ್ನು ಆರ್ಡರ್ ಮಾಡಿ ಬಾಗಿಲ ಬಳಿ ಕಾಯುತ್ತಾನೆ. ಆಮೇಲೆ ತಿಳಿಯುತ್ತದೆ, ಅವಳ ಜೊತೆಗಿರಬೇಕಾದರೆ ಅವಳ ಏಳು ಮಂದಿ ಮಾಜಿ ಸಂಗಾತಿಗಳನ್ನು ಹೊಡೆದಾಟದಲ್ಲಿ ಸೋಲಿಸಬೇಕು. ಸೋತವರು ಸಾಯುವುದಿಲ್ಲ, ವಿಡಿಯೊ ಗೇಮಿನಲ್ಲಿ ಆಗುವಂತೆ ನಾಣ್ಯಗಳಾಗಿ ಉದುರಿಹೋಗುತ್ತಾರೆ. ಮೊದಲನೆಯವನು ಉದುರಿದಾಗ ಸ್ಕಾಟ್ ನೆಲದ ಮೇಲಿನ ಚಿಲ್ಲರೆಯನ್ನು ಎಣಿಸಿ, ಬಸ್ ಚಾರ್ಜಿಗೂ ಸಾಲದಲ್ಲ ಎಂದು ಮುಖ ಸಣ್ಣದು ಮಾಡುತ್ತಾನೆ.

ಇದನ್ನೇ ನಾನು ಮೊದಲ ಸಲ ಅರ್ಧಕ್ಕೂ ಮೊದಲೇ ಬಿಟ್ಟು ಎದ್ದದ್ದು. ಬಾಗಿಲ ಗಂಟೆ ಬಾರಿಸಿದರೆ ‘ಡಿಂಗ್ ಡಾಂಗ್’ ಎಂದು ಪರದೆಯ ಮೇಲೇ ಅಕ್ಷರ ಮೂಡುತ್ತದೆ. ಫೋನು ಬಾರಿಸಿದರೆ ಅದರಿಂದ ಅಕ್ಷರಗಳು ಸಾಲಾಗಿ ಹೊರಗೆ ಹರಿಯುತ್ತವೆ. ನಾಯಕ ಮೂತ್ರಕ್ಕೆ ಹೋದರೆ ಅವನ ಪಕ್ಕದಲ್ಲಿ ಹಳದಿ ಪಟ್ಟಿಯೊಂದು ಕಾಣಿಸಿಕೊಂಡು ಮೆಲ್ಲಗೆ ಖಾಲಿಯಾಗುತ್ತದೆ. ಇದೇನು ಮಕ್ಕಳಾಟ ಎಂದು ಮೂಗು ಮುರಿದಿದ್ದೆ.

ಎರಡನೆಯ ಸಲ ಅವನು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ. ತೋರಿಸಿದ ಎನ್ನುವುದಕ್ಕಿಂತ ಪಾಠ ಮಾಡಿದ ಎಂದರೆ ಸರಿ. ಮಂಡಿಯ ಮೇಲೆ ಕಾಮಿಕ್ಸ್ ಪುಸ್ತಕ, ಬೆರಳು ಲ್ಯಾಪ್‌ಟಾಪಿನ ಕೀಲಿಯ ಮೇಲೆ. ಎರಡು ನಿಮಿಷಕ್ಕೊಮ್ಮೆ ಚಿತ್ರ ನಿಲ್ಲಿಸಿ, “ಅಣ್ಣಾ, ಇಲ್ಲಿ ನೋಡು, ಮೂರನೆಯ ಮಾಜಿಯ ಅಂಗಿಯ ಮೇಲೆ 3 ಎಂದೇ ಬರೆದಿದೆ” ಎನ್ನುವುದು. ಮತ್ತೆ ಓಡಿಸುವುದು, ಮತ್ತೆ ನಿಲ್ಲಿಸುವುದು. “ನೀನು ಇದನ್ನು ಸಿನಿಮಾ ಎಂದು ನೋಡುತ್ತಿದ್ದೀಯ, ಅದೇ ತಪ್ಪು. ಪುಟ ತಿರುವುತ್ತಿದ್ದೇನೆ ಎಂದುಕೊಂಡು ನೋಡು” ಎಂದ. ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಆ ಮಾತಿಗೆ ಅವನ ಮೇಲಿನ ಸಿಟ್ಟು ಇಳಿಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಏಕೆಂದರೆ ಅವನು ಹೇಳಿದ್ದು ನಿಜ. ಬ್ರಯಾನ್ ಲೀ ಓಮ್ಯಾಲಿ ಎಂಬ ಕೆನಡಾದ ಕಲಾವಿದ 2004ರಿಂದ 2010ರವರೆಗೆ ಆರು ಸಂಪುಟಗಳಲ್ಲಿ ಬರೆದು ಚಿತ್ರಿಸಿದ ಕಾಮಿಕ್ಸ್ ಇದು. ಕಪ್ಪು ಬಿಳುಪು, ಸಣ್ಣ ಗಾತ್ರ, ಜಪಾನಿನ ‘ಮಾಂಗಾ’ ಚಿತ್ರಕಥೆಗಳಲ್ಲಿರುವಂತೆ ದೊಡ್ಡ ಕಣ್ಣುಗಳು. ನಾಯಕನ ಹೆಸರು ಬಂದದ್ದು ಕೂಡ ಹ್ಯಾಲಿಫ್ಯಾಕ್ಸ್‌ನ ‘ಪ್ಲಮ್‌ಟ್ರೀ’ ಎಂಬ ಬ್ಯಾಂಡಿನ ಒಂದು ಹಾಡಿನಿಂದ. ಸಾಮಾನ್ಯವಾಗಿ ಕಾಮಿಕ್ಸನ್ನು ಸಿನಿಮಾ ಮಾಡುವವರು ಮೊದಲು ಮಾಡುವ ಕೆಲಸವೆಂದರೆ ಅದು ಕಾಮಿಕ್ಸ್ ಎಂಬುದನ್ನು ಮುಚ್ಚಿಡುವುದು. ಬಣ್ಣದ ಉಡುಪಿಗೆ ಕಪ್ಪು ಬಳಿಯುತ್ತಾರೆ, ತಮಾಷೆಯ ಹೆಸರುಗಳನ್ನು ಬಿಟ್ಟುಬಿಡುತ್ತಾರೆ, ನೆರಳು ಬೆಳಕು ಹೆಚ್ಚಿಸಿ ಗಂಭೀರ ಮುಖ ಹಾಕುತ್ತಾರೆ. ಬಡ ನೆಂಟನನ್ನು ಮದುವೆಮನೆಯ ಹಿಂದಿನ ಸಾಲಿನಲ್ಲಿ ಕೂರಿಸಿದಂತೆ. ನಿರ್ದೇಶಕ ಎಡ್ಗರ್ ರೈಟ್ ಆ ನೆಂಟನನ್ನು ತಂದು ಮುಂದಿನ ಸಾಲಿನ ನಡುವೆ ಕೂರಿಸಿದ.

ಆ ಅಕ್ಷರಗಳ ವಿಷಯವನ್ನೇ ನೋಡಿ. ಶಾಲೆಯಲ್ಲಿ ನಾವು ಅನುಕರಣಾವ್ಯಯ ಓದಿದವರು. ಧಡಾರನೆ ಬಿತ್ತು, ಫಳಾರನೆ ಮಿಂಚಿತು, ಗಳಗಳ ಅತ್ತಳು. ಕನ್ನಡದಲ್ಲಿ ಮಾತು ಶುರುಮಾಡಿದರೆ ಹತ್ತು ವಾಕ್ಯಕ್ಕೊಂದಾದರೂ ಸದ್ದಿನ ಪದ ಬಂದೇ ಬರುತ್ತದೆ, ನಮಗೆ ಅದು ಬಾಲಿಶ ಎನಿಸುವುದಿಲ್ಲ. ಕಾಮಿಕ್ಸಿನ ಪುಟಕ್ಕಂತೂ ಕಿವಿಯಿಲ್ಲ, ಹಾಗಾಗಿ ಅಲ್ಲಿ ಸದ್ದನ್ನು ಬರೆಯಲೇಬೇಕು. ಸಿನಿಮಾಕ್ಕೆ ಕಿವಿಯಿದೆ, ಬರೆಯುವ ಅಗತ್ಯವೇ ಇಲ್ಲ. ಅಗತ್ಯವಿಲ್ಲದಿದ್ದರೂ ಬರೆದರು ಎಂಬುದರಲ್ಲೇ ಅಭಿಮಾನಿಗಳ ಪ್ರೀತಿಯ ಗುಟ್ಟಿದೆ ಎಂದು ನನಗೆ ಅನಿಸಿದ್ದು ಆ ಎರಡನೆಯ ನೋಟದಲ್ಲಿ. ಹೊಡೆತ ಕೇಳಿಸುತ್ತದೆ, ಜೊತೆಗೆ ಕಾಣಿಸುತ್ತದೆ. ಬೆಳೆದ ಮೇಲೂ ಚಿತ್ರಪುಸ್ತಕ ಓದುವುದಕ್ಕೆ ಬೈಸಿಕೊಂಡವನೊಬ್ಬ ಆ ಅಕ್ಷರಗಳನ್ನು ಅಷ್ಟು ದೊಡ್ಡ ಪರದೆಯ ಮೇಲೆ ನೋಡಿದಾಗ ಅವನಿಗೆ ಏನಾಗಿರಬಹುದು?

ಮೊದಲ ಹೊಡೆದಾಟದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಬ್ಯಾಂಡ್ ನುಡಿಸುತ್ತಿರುವಾಗ ಚಾವಣಿ ಒಡೆದುಕೊಂಡು ಒಬ್ಬ ಹಾರಿಬರುತ್ತಾನೆ, ಹೆಸರು ಮ್ಯಾಥ್ಯೂ ಪಟೇಲ್. ಬಯಲಾಟದಲ್ಲಿ ಬಣ್ಣದ ವೇಷ ರಂಗಕ್ಕೆ ನುಗ್ಗುವಾಗಿನ ಆರ್ಭಟ. ಬಂದವನು ಹೊಡೆಯುವ ನಡುವೆ ನಿಂತು, ಬಾಲಿವುಡ್ ಧಾಟಿಯಲ್ಲಿ ಹಾಡಿ ಕುಣಿಯುತ್ತಾನೆ, ರೆಕ್ಕೆಯುಳ್ಳ ಪಿಶಾಚ ಸುಂದರಿಯರು ಅವನ ಹಿಂದೆ ತೇಲುತ್ತಾರೆ, ಕೈಯಿಂದ ಬೆಂಕಿಯುಂಡೆಗಳು ಹಾರುತ್ತವೆ. ನಮ್ಮವರನ್ನು ಗೇಲಿ ಮಾಡುತ್ತಿದ್ದಾರೆಯೇ ಎಂದು ಮೊದಲು ಮೈ ಬಿಗಿಯಾಯಿತು. ಅರ್ಧ ನಿಮಿಷದಲ್ಲಿ ನಕ್ಕುಬಿಟ್ಟೆ. ಆ ದೃಶ್ಯದ ಒಳಗೇ ಎಲ್ಲರೂ ಇದೇನಿದು ಎಂದು ಬಾಯಿ ಬಿಟ್ಟು ನಿಂತಿದ್ದಾರೆ, ಪಟೇಲನೊಬ್ಬನಿಗೆ ಮಾತ್ರ ತನ್ನ ಮೇಲೆ ಅಚಲ ವಿಶ್ವಾಸ. ಪಾತ್ರ ಮಾಡಿದವನು ಸತ್ಯ ಭಾಭಾ, ವಸಾಹತೋತ್ತರ ಚಿಂತನೆಯ ದೊಡ್ಡ ವಿದ್ವಾಂಸ ಹೋಮಿ ಭಾಭಾ ಅವರ ಮಗ. ತಂದೆಯ ವಾಕ್ಯಗಳನ್ನು ಬಿಡಿಸಲು ಹೋಗಿ ಸೋತವರು ಮಗನ ಕುಣಿತ ನೋಡಿ ಸಮಾಧಾನಪಟ್ಟುಕೊಳ್ಳಬಹುದು.

ಇನ್ನು ಸೋಲಿನ ಕಥೆ. 2010ರ ಜುಲೈನಲ್ಲಿ ಸ್ಯಾನ್ ಡಿಯಾಗೋದ ಕಾಮಿಕ್-ಕಾನ್ ಎಂಬ ಕಾಮಿಕ್ಸ್ ಪ್ರಿಯರ ಜಾತ್ರೆಯಲ್ಲಿ ಈ ಸಿನಿಮಾಕ್ಕೆ ಸಿಕ್ಕ ಸ್ವಾಗತ ನೋಡಿದವರು, ಇನ್ನು ಇದನ್ನು ಹಿಡಿಯುವವರಿಲ್ಲ ಎಂದುಕೊಂಡರು. ಆಗಸ್ಟ್ 13ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ಅದೇ ದಿನ ಎದುರಿಗೆ ಇನ್ನೆರಡು ಸಿನಿಮಾ, ಒಂದು ಕಡೆ ಸ್ಟಲೋನ್ ತಂಡದ ಮಾರಾಮಾರಿ, ಇನ್ನೊಂದು ಕಡೆ ಜೂಲಿಯಾ ರಾಬರ್ಟ್ಸ್ ಪ್ರವಾಸ. ಮೊದಲ ವಾರಾಂತ್ಯಕ್ಕೆ ನಮ್ಮ ಹುಡುಗ ಐದನೆಯ ಸ್ಥಾನದಲ್ಲಿದ್ದ. ಸುಮಾರು 6 ಕೋಟಿ ಡಾಲರ್ ಬಂಡವಾಳ. ಜಗತ್ತಿನಾದ್ಯಂತ ಒಟ್ಟು ಗಳಿಕೆ 5 ಕೋಟಿಯನ್ನೂ ಮುಟ್ಟಲಿಲ್ಲ.

ಇಲ್ಲಿಂದ ಅಭಿಮಾನಿಗಳ ದೂರು ಶುರುವಾಗುತ್ತದೆ. ಜಾಹೀರಾತು ಸರಿ ಮಾಡಲಿಲ್ಲ, ಜನರಿಗೆ ರುಚಿಯಿಲ್ಲ, ಕಾಲಕ್ಕಿಂತ ಮುಂದಿತ್ತು. ನನ್ನ ತಮ್ಮ ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ನಾನು ಒಪ್ಪುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ. ಆದರೆ ಹಾದಿಯಲ್ಲಿ ಹೋಗುವವರೆಲ್ಲ ಅದನ್ನು ಎತ್ತಿ ಮುದ್ದಾಡಲಿಲ್ಲವೆಂದು ಬೈದರೆ ಹೇಗೆ? ಕಾಮಿಕ್ಸ್, ಹಳೆಯ ವಿಡಿಯೊ ಗೇಮು, ಗ್ಯಾರೇಜ್ ಬ್ಯಾಂಡುಗಳು, ಈ ಮೂರರಲ್ಲಿ ಎರಡನ್ನಾದರೂ ಬಲ್ಲವರಿಗೆ ಮಾತ್ರ ಮೊದಲ ನೋಟದಲ್ಲೇ ದಕ್ಕುವ ಸಿನಿಮಾ ಇದು. ನಾನು ಎದ್ದು ಹೋದದ್ದು ನನಗೆ ರುಚಿ ಇಲ್ಲದ್ದರಿಂದಲ್ಲ, ಪಕ್ಕದಲ್ಲಿ ಯಾರೂ ಇಲ್ಲದ್ದರಿಂದ. ಜಾತ್ರೆಯಲ್ಲಿ ಕೇಕೆ ಹಾಕಿದವರೂ ಸುಳ್ಳು ಹೇಳಿರಲಿಲ್ಲ. ಅವರ ಸಂಖ್ಯೆ ಅಷ್ಟೇ ಇತ್ತು. ಒಂದೇ ಸಭಾಂಗಣದೊಳಗೆ ಸೇರಿದಾಗ ಅವರ ಸದ್ದು ಊರಿನ ಸದ್ದಿನಂತೆ ಕೇಳಿತು, ಲೆಕ್ಕ ಹಾಕುವವರು ಮೋಸ ಹೋದರು.

ಆದರೆ ಆ ಅಷ್ಟೇ ಜನ ಮನೆಗೆ ಹೋಗಿ ಸುಮ್ಮನೆ ಕೂರಲಿಲ್ಲವಲ್ಲ. ಡಿಸ್ಕ್ ಕೊಂಡರು, ಗೆಳೆಯರನ್ನು ಹಿಡಿದು ಕೂರಿಸಿದರು. ಮಧ್ಯರಾತ್ರಿಯ ಪ್ರದರ್ಶನಗಳು ನಡೆದವು. ಸಿನಿಮಾದ ಜೊತೆಗೇ ಬಂದಿದ್ದ ವಿಡಿಯೊ ಗೇಮ್ 2014ರಲ್ಲಿ ಮಾರಾಟದಿಂದ ಮಾಯವಾಯಿತು. ಬಿಡದೆ ಕೇಳುತ್ತಾ ಹೋದರು, 2021ರ ಜನವರಿಯಲ್ಲಿ ಮರಳಿ ಬಂತು. ಅದೇ ವರ್ಷ ಸಿನಿಮಾ ಕೂಡ ಅಮೆರಿಕದ ಚಿತ್ರಮಂದಿರಗಳಿಗೆ ಮತ್ತೊಮ್ಮೆ ಬಂತು. ಅಷ್ಟರಲ್ಲಿ ನಟರೆಲ್ಲ ದೊಡ್ಡವರಾಗಿದ್ದರು. ಎರಡನೆಯ ಮಾಜಿ ಕ್ರಿಸ್ ಇವಾನ್ಸ್ ಮರುವರ್ಷವೇ ಕ್ಯಾಪ್ಟನ್ ಅಮೆರಿಕ. ಸ್ಕಾಟ್‌ನ ಹಳೆಯ ಗೆಳತಿಯಾಗಿ ವೇದಿಕೆ ನಡುಗಿಸಿದ ಬ್ರೀ ಲಾರ್ಸನ್‌ಗೆ 2016ರಲ್ಲಿ ಆಸ್ಕರ್. ಹಾಸಿಗೆ ಹಂಚಿಕೊಟ್ಟ ವಾಲೇಸ್, ಅಂದರೆ ಕೀರನ್ ಕಲ್ಕಿನ್, 2025ರಲ್ಲಿ ಆಸ್ಕರ್ ಪಡೆದ ದಿನ ನನ್ನ ತಮ್ಮ ಕಳಿಸಿದ ಸಂದೇಶಗಳನ್ನು ನೋಡಿದ್ದರೆ ಪ್ರಶಸ್ತಿ ಇವನ ಮನೆಗೇ ಬಂದಿದೆ ಎನ್ನುತ್ತಿದ್ದಿರಿ.

ನನಗೆ ಅತ್ಯಂತ ಪ್ರಿಯವಾದ ಕ್ಷಣ ಅವನ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಟೊರಾಂಟೊದ ಕಾಸಾ ಲೋಮಾ ಕೋಟೆಯ ಬಳಿ ಇವಾನ್ಸ್‌ನ ಪಾತ್ರ ಒಂದು ಸಿನಿಮಾದ ಚಿತ್ರೀಕರಣದಲ್ಲಿದೆ. ಹೊಡೆದಾಟದಲ್ಲಿ ಸ್ಕಾಟ್‌ನನ್ನು ಎತ್ತಿ ಎಸೆಯುತ್ತಾನೆ, ಸ್ಕಾಟ್ ಹೋಗಿ ನ್ಯೂಯಾರ್ಕ್ ಎಂದೇ ಕಾಣುತ್ತಿದ್ದ ಹಿನ್ನೆಲೆಗೆ ಬಡಿಯುತ್ತಾನೆ, ಪರದೆ ಹರಿಯುತ್ತದೆ, ಆಚೆಗೆ ಟೊರಾಂಟೊದ ಗುರುತಾದ ಸಿಎನ್ ಟವರ್! ಹಾಲಿವುಡ್ಡಿಗೆ ಟೊರಾಂಟೊ ಎಂದರೆ ಖರ್ಚು ಕಡಿಮೆಯ ವೇಷಧಾರಿ. ನ್ಯೂಯಾರ್ಕ್ ಬೇಕೆಂದರೆ ನ್ಯೂಯಾರ್ಕ್, ಷಿಕಾಗೊ ಬೇಕೆಂದರೆ ಷಿಕಾಗೊ. ಸದಾ ಇನ್ನೊಬ್ಬರ ಪಾತ್ರ ಮಾಡಿದ ಊರು ಇಲ್ಲಿ ಒಂದೇ ಏಟಿಗೆ ವೇಷ ಕಳಚಿ ತನ್ನ ಹೆಸರು ಹೇಳಿಕೊಳ್ಳುತ್ತದೆ. ಎರಡೇ ಎರಡು ಸೆಕೆಂಡು. ಅಲ್ಲಿಯವರು ಈ ಸಿನಿಮಾವನ್ನು ಎದೆಗೊತ್ತಿಕೊಂಡಿದ್ದರೆ ಆಶ್ಚರ್ಯವಿಲ್ಲ.

ಹೊಗಳಿದ್ದು ಸಾಕು. ಅಭಿಮಾನಿಗಳು ಕೇಳಿಸಿಕೊಳ್ಳದ ಮಾತೊಂದಿದೆ. ಸ್ಕಾಟ್ ಒಳ್ಳೆಯ ಹುಡುಗನಲ್ಲ. ಹದಿನೇಳು ವರ್ಷದ ನೈವ್ಸ್ ಎಂಬ ಶಾಲಾ ಹುಡುಗಿಯೊಂದಿಗೆ ಓಡಾಡುತ್ತಿರುವಾಗಲೇ ರಮೋನಾಳ ಹಿಂದೆ ಬೀಳುತ್ತಾನೆ, ಇಬ್ಬರಿಗೂ ನಿಜ ಹೇಳುವುದಿಲ್ಲ. ಸಿನಿಮಾಕ್ಕೆ ಇದು ಗೊತ್ತು, ಕೊನೆಯಲ್ಲಿ ಅವನ ಬಾಯಿಂದ ಕ್ಷಮೆಯನ್ನೂ ಕೇಳಿಸುತ್ತದೆ. ಆದರೆ ರಮೋನಾಳಿಗೆ ಒಂದೂವರೆ ವಾರಕ್ಕೊಮ್ಮೆ ಬದಲಾಗುವ ಕೂದಲ ಬಣ್ಣ ಕೊಟ್ಟಷ್ಟು ಧಾರಾಳವಾಗಿ ಮನಸ್ಸನ್ನು ಕೊಡಲಿಲ್ಲ. ಅವಳು ಗೆದ್ದವನಿಗೆ ಸಿಗುವ ಬಹುಮಾನದಂತೆ ನಿಂತಿರುತ್ತಾಳೆ. ಹೀಗೆಂದರೆ ತಮ್ಮನಿಗೆ ಮೂಗಿನ ತುದಿಯಲ್ಲಿ ಕೋಪ.

ಅವನಿಗೆ ಉತ್ತರ ಕೊಟ್ಟವರು ನಾನಲ್ಲ, ಸ್ವತಃ ಓಮ್ಯಾಲಿ. 2023ರ ನವೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಅವರೂ ಸೇರಿ ಬರೆದ ಎಂಟು ಕಂತುಗಳ ಅನಿಮೇಷನ್ ಬಂತು, ಅದಕ್ಕೆ ದನಿ ಕೊಡಲು ಸಿನಿಮಾದ ತಂಡವೇ ಮರಳಿತು. ಹಳೆಯ ಕಥೆಯೇ ಮತ್ತೆ ಸಿಗುತ್ತದೆಂದು ಅಭಿಮಾನಿಗಳು ಕೂತರೆ, ಮೊದಲ ಕಂತಿನ ಕೊನೆಗೆ ಸ್ಕಾಟ್ ಪಟೇಲನ ಕೈಯಲ್ಲಿ ಸೋತು ನಾಣ್ಯವಾಗಿಬಿಡುತ್ತಾನೆ! ಮುಂದೆ ಏನಾಯಿತೆಂದು ಹುಡುಕಿಕೊಂಡು ಹೊರಡುವವಳು ರಮೋನಾ. ಮಾಜಿಗಳ ಮನೆಬಾಗಿಲಿಗೆ ಹೋಗಿ, ಹೊಡೆದಾಡಿ, ಕೆಲವರಲ್ಲಿ ಕ್ಷಮೆ ಕೇಳಿ, ಒಬ್ಬ ಮನುಷ್ಯಳಾಗುತ್ತಾಳೆ. ಆ ರಾತ್ರಿ ತಮ್ಮ ಫೋನ್ ಮಾಡಿ ಅರ್ಧ ಗಂಟೆ ಬೈದ. ತನಗೆ ಮೋಸವಾಗಿದೆಯಂತೆ. ಎಂಟೂ ಕಂತುಗಳನ್ನು ಒಂದೇ ರಾತ್ರಿ ಮುಗಿಸಿದ್ದನೆಂಬುದು ಬೇರೆ ಮಾತು.

ಮೊನ್ನೆಯ ಜಗಳಕ್ಕೆ ಕಾರಣ ಇನ್ನೂ ಸಣ್ಣದು. ಚಿತ್ರೀಕರಣ ಶುರುವಾದಾಗ ಕಾಮಿಕ್ಸಿನ ಆರನೆಯ ಸಂಪುಟ ಇನ್ನೂ ಬಂದಿರಲಿಲ್ಲ, ಆದ್ದರಿಂದ ಅಂತ್ಯವನ್ನು ಸಿನಿಮಾದವರೇ ಹುಡುಕಬೇಕಾಯಿತು. ಮೊದಲು ತೆಗೆದ ಅಂತ್ಯದಲ್ಲಿ ಸ್ಕಾಟ್ ನೈವ್ಸ್ ಜೊತೆ ಉಳಿಯುತ್ತಾನೆ, ರಮೋನಾ ಹೊರಟುಹೋಗುತ್ತಾಳೆ. ಆಮೇಲೆ ಬದಲಾಯಿಸಿದರು. ಆ ಹಳೆಯ ಅಂತ್ಯವೇ ಸರಿ ಎಂದು ತಮ್ಮ. ಅದಕ್ಕಿಂತ ಸ್ಕಾಟ್ ಯಾರೊಂದಿಗೂ ಹೋಗದೆ, ಮೊದಲು ತನ್ನದೊಂದು ಹಾಸಿಗೆ ಕೊಳ್ಳಲಿ ಎಂದು ನಾನು. ಇಬ್ಬರ ಅಂತ್ಯವೂ ಯಾವ ಆವೃತ್ತಿಯಲ್ಲೂ ಬಿಡುಗಡೆಯಾಗಿಲ್ಲವೆಂದು ಹೇಳಿದರೆ, ನನ್ನದು ಮಾತ್ರ ಎಂದು ತಿದ್ದಿದ. ಅವನದು ಡಿಸ್ಕಿನ ಹೆಚ್ಚುವರಿ ದೃಶ್ಯಗಳಲ್ಲಿದೆಯಂತೆ. ಬರುವ ಭಾನುವಾರ ತಂದು ತೋರಿಸುತ್ತಾನೆ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಬಾರದು ಎಂದು ಷರತ್ತು ಹಾಕಿದ್ದೇನೆ. ಅವನು ಇನ್ನೂ ಒಪ್ಪಿಲ್ಲ.